ತ್ವಚೆಯ ಮಾರ್ಗವಾಗಿ ಔಷಧ: ಒಂದು ಐತಿಹಾಸಿಕ ವಿವೇಚನೆ

ನಮ್ಮ ಸಂಘದ ಸಭಾಭವನದಲ್ಲಿ ಕಳೆದ ವರ್ಷ ನಡೆದ ಒಂದು ಉಪನ್ಯಾಸದ ಕೊನೆಯಲ್ಲಿ, ಪ್ರಾಚೀನ ಭಾರತೀಯ ವಿಜ್ಞಾನವನ್ನು ಕುರಿತು ಮಾತನಾಡಿದ ವಿದ್ವಾಂಸರೊಬ್ಬರು, ಇಂದು ಔಷಧದ ಅಂಗಡಿಗಳಲ್ಲಿ ದೊರೆಯುವ ‘ಪ್ಯಾಚ್’ ಎಂಬ ಅಂಟುಪಟ್ಟಿಯು ಸುಶ್ರುತನಿಗೆ ತಿಳಿದೇ ಇತ್ತೆಂದು ಸಾರಿದರು. ಚಪ್ಪಾಳೆ ಬಿದ್ದಿತು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ರಸಾಯನಶಾಸ್ತ್ರದ ನಿವೃತ್ತ ಅಧ್ಯಾಪಕರೊಬ್ಬರು ಎದ್ದು ನಿಂತು, ಲೇಪವೆಂದರೆ ಅರಿಸಿನ ಸುಣ್ಣ ಬಳಿಯುವುದಷ್ಟೆ, ಅದಕ್ಕೂ ಪ್ಯಾಚಿಗೂ ಎಳೆಯಷ್ಟೂ ಸಂಬಂಧವಿಲ್ಲವೆಂದರು. ಅವರಿಗೂ ಚಪ್ಪಾಳೆ ಬಿದ್ದಿತು. ಇಬ್ಬರೂ ಗ್ರಂಥವನ್ನು ತೆರೆದು ತೋರಿಸಲಿಲ್ಲ, ಕೇಳಿದವರೂ ಇಲ್ಲ. ವೃತ್ತಿಯಿಂದ ನಾನು ಬ್ಯಾಂಕಿನ ಲೆಕ್ಕ ನೋಡುವವನು, ವೈದ್ಯನಲ್ಲ. ಆದರೆ ಯಾರೇ ಒಂದು ಹಕ್ಕನ್ನು ಮುಂದಿಟ್ಟರೂ ಮೂಲಪತ್ರವನ್ನು ನೋಡದೆ ಅದರ ಮೇಲೆ ಸಹಿ ಹಾಕಬಾರದೆಂಬುದು ನನ್ನ ವೃತ್ತಿ ನನಗೆ ಕಲಿಸಿದ ಪಾಠ. ಅಂದಿನ ಚರ್ಚೆಯು ನನ್ನನ್ನು ಅಷ್ಟಾಗಿ ತಟ್ಟಿದ್ದಕ್ಕೆ ಬೇರೊಂದು ಕಾರಣವೂ ಉಂಟು. ಅದನ್ನು ಮುಂದೆ ಹೇಳುತ್ತೇನೆ.

ಪ್ರಶ್ನೆ ಇಷ್ಟು: ಮೈಮೇಲೆ ಹಚ್ಚಿದ ಮದ್ದು ಚರ್ಮದಲ್ಲಿಯೇ ಉಳಿಯುವುದೋ, ಅಥವಾ ಚರ್ಮವನ್ನು ದಾಟಿ ರಕ್ತದಲ್ಲಿ ಬೆರೆತು ದೂರದ ಅಂಗಗಳನ್ನು ಮುಟ್ಟುವುದೋ? ಗಾಯಕ್ಕೆ ಮುಲಾಮು ಹಚ್ಚುವುದು ಲೋಕದ ಎಲ್ಲ ಜನರಿಗೂ ತಿಳಿದ ವಿಷಯ. ಕಿವಿಯ ಹಿಂದೆ ಅಂಟಿಸಿದ ಪಟ್ಟಿಯಿಂದ ಹಡಗಿನ ವಾಕರಿಕೆ ನಿಲ್ಲುವುದು, ಎದೆಯ ಮೇಲಿನ ಪಟ್ಟಿಯಿಂದ ಹೃದಯದ ನೋವು ತಗ್ಗುವುದು ಬೇರೆಯ ಮಾತು. ಇವೆರಡನ್ನೂ ಒಂದೇ ಎಂದು ಬಗೆದುದರಿಂದಲೇ ಅಂದಿನ ಸಭೆಯಲ್ಲಿ ಗೊಂದಲ ಹುಟ್ಟಿತೆಂದು ನನ್ನ ಭಾವನೆ.

ಮೊದಲು ಸುಶ್ರುತಸಂಹಿತೆಯನ್ನೇ ನೋಡೋಣ. ಕ್ರಿಸ್ತಶಕದ ಆದಿಭಾಗದ ಶತಮಾನಗಳಲ್ಲಿ ಈಗಿನ ರೂಪಕ್ಕೆ ಬಂದಿರಬಹುದಾದ ಈ ಗ್ರಂಥದ ಸೂತ್ರಸ್ಥಾನದ ಹದಿನೆಂಟನೆಯ ಅಧ್ಯಾಯವು ಲೇಪಗಳಿಗೂ ಕಟ್ಟುಗಳಿಗೂ ಮೀಸಲಾಗಿದೆ. ಲೇಪದ ದಪ್ಪ ಎಷ್ಟಿರಬೇಕು? ಎಮ್ಮೆಯ ಹಸಿ ತೊಗಲಿನಷ್ಟು. ಒಣಗಿದ ಮೇಲೆ ಅದನ್ನು ಮೈಮೇಲೆ ಬಿಡಕೂಡದು. ರಾತ್ರಿಯಲ್ಲಿ ಹಚ್ಚಕೂಡದು. ಒಮ್ಮೆ ಹಚ್ಚಿ ತೆಗೆದುದನ್ನು ಮತ್ತೆ ಹಚ್ಚಕೂಡದು. ಇವೆಲ್ಲಕ್ಕಿಂತ ಕುತೂಹಲಕರವಾದ ವಿಧಿಯೆಂದರೆ, ಲೇಪವನ್ನು ಕೂದಲು ಮಲಗಿದ ದಿಕ್ಕಿಗೆ ಎದುರಾಗಿ ಹಚ್ಚಬೇಕೆಂಬುದು. ಹಾಗೆ ಹಚ್ಚಿದರೆ ಔಷಧವು ಚೆನ್ನಾಗಿ ನಿಲ್ಲುತ್ತದೆ, ರೋಮಕೂಪಗಳನ್ನು ಹೊಗುತ್ತದೆ, ಬೆವರನ್ನು ಹೊರುವ ಸಿರೆಗಳ ಬಾಯಿಗಳ ಮೂಲಕ ತನ್ನ ವೀರ್ಯವನ್ನು ಒಳಗೆ ಮುಟ್ಟಿಸುತ್ತದೆ ಎಂದು ಕಾರಣವನ್ನೂ ಕೊಟ್ಟಿದೆ. ವಿಧಿಯನ್ನು ಹೇಳಿ ಸುಮ್ಮನಾಗದೆ ಕಾರಣವನ್ನು ಕೊಡುವ ಈ ಪರಿ ಗಮನಾರ್ಹವಾದುದು.

ಶಾರೀರಸ್ಥಾನದ ಒಂಬತ್ತನೆಯ ಅಧ್ಯಾಯದಲ್ಲಿ ಈ ಕಾರಣವು ಇನ್ನಷ್ಟು ವಿಸ್ತಾರವಾಗಿ ಬಂದಿದೆ. ನಾಭಿಯಿಂದ ಹೊರಟ ಇಪ್ಪತ್ತನಾಲ್ಕು ಧಮನಿಗಳಲ್ಲಿ ನಾಲ್ಕು ಅಡ್ಡವಾಗಿ ಹೋಗುತ್ತವೆ. ಒಂದೊಂದೂ ನೂರಾಗಿ, ಸಾವಿರವಾಗಿ, ಎಣಿಕೆಗೆ ಸಿಕ್ಕದಷ್ಟು ಕವಲೊಡೆದು ಬಲೆಯಂತೆ ಮೈಯನ್ನೆಲ್ಲ ಹೆಣೆದಿವೆ. ಅವುಗಳ ಬಾಯಿಗಳು ರೋಮಕೂಪಗಳಿಗೆ ಹತ್ತಿಕೊಂಡಿವೆ. ಬೆವರು ಹೊರಬರುವುದು ಇವುಗಳ ದಾರಿಯಾಗಿ. ಅಭ್ಯಂಗ, ಪರಿಷೇಕ, ಅವಗಾಹ, ಆಲೇಪನಗಳ ವೀರ್ಯವು ಚರ್ಮದಲ್ಲಿ ಪಕ್ವವಾಗಿ ಒಳಗೆ ಸೇರುವುದೂ ಇವುಗಳ ದಾರಿಯಾಗಿಯೇ. ಚರ್ಮದಲ್ಲಿ ಈ ಪಾಕವನ್ನು ಮಾಡುವುದಕ್ಕೆಂದೇ ಭ್ರಾಜಕವೆಂಬ ಪಿತ್ತವೊಂದುಂಟೆಂದು ಬೇರೊಂದೆಡೆ ಹೇಳಿದೆ. ಆದ್ದರಿಂದ ಲೇಪವೆಂದರೆ ಬರಿಯ ಬಳಿಯುವಿಕೆಯೆಂದ ನಮ್ಮ ಅಧ್ಯಾಪಕರ ಮಾತು ನಿಲ್ಲುವುದಿಲ್ಲ. ಹೊರಗಿನ ಔಷಧ ಒಳಗೆ ಹೋಗುತ್ತದೆಂಬ ಸ್ಪಷ್ಟವಾದ ಸಿದ್ಧಾಂತ, ಅದು ಹೋಗುವ ದಾರಿಯ ಕಲ್ಪನೆ, ದಾರಿಯಲ್ಲಿ ಅದು ಮಾರ್ಪಡುತ್ತದೆಂಬ ಊಹೆ — ಈ ಮೂರೂ ಇಲ್ಲಿವೆ.

ಹನ್ನೆರಡನೆಯ ಶತಮಾನದವನೆಂದು ಎಣಿಸಲಾದ ವ್ಯಾಖ್ಯಾನಕಾರ ಡಲ್ಹಣನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕಾಲದ ಲೆಕ್ಕವನ್ನೇ ಕೊಟ್ಟಿದ್ದಾನೆ. ತಿಕ್ಕಿದ ಎಣ್ಣೆ ಕೂದಲ ಬುಡಕ್ಕೆ ಇಳಿಯಲು ೩೦೦ ಮಾತ್ರೆಗಳು ಬೇಕು. ಚರ್ಮಕ್ಕೆ ೪೦೦, ರಕ್ತಕ್ಕೆ ೫೦೦, ಮಾಂಸಕ್ಕೆ ೬೦೦, ಮೇದಸ್ಸಿಗೆ ೭೦೦, ಅಸ್ಥಿಗೆ ೮೦೦, ಮಜ್ಜೆಗೆ ೯೦೦. ಮಾತ್ರೆಯೆಂದರೆ ಒಂದು ಹ್ರಸ್ವಾಕ್ಷರವನ್ನು ಉಚ್ಚರಿಸುವಷ್ಟು ಹೊತ್ತು. ಹಾಗಾದರೆ ಮಜ್ಜೆಯವರೆಗಿನ ಪಯಣ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ನೂರುನೂರರ ಈ ಮೆಟ್ಟಿಲುಗಳನ್ನು ನೋಡಿದರೆ ಇದು ಅಳೆದು ಬರೆದ ಲೆಕ್ಕವಲ್ಲ, ಧಾತುಗಳ ಕ್ರಮವನ್ನು ಅನುಸರಿಸಿ ಹಂಚಿದ ಲೆಕ್ಕ ಎಂಬುದು ತಾನಾಗಿ ಗೊತ್ತಾಗುತ್ತದೆ. ನಮ್ಮ ಕಛೇರಿಯಲ್ಲಿ ಇಂಥ ಪಟ್ಟಿಯೊಂದು ಬಂದರೆ ಹಿರಿಯ ಲೆಕ್ಕಿಗರು ಅಂಕೆಗಳ ಅಂದವನ್ನು ಕಂಡೇ ಸಂಶಯಪಡುತ್ತಾರೆ. ಆದರೂ, ವಸ್ತುವೊಂದು ಒಳಗಿಳಿಯಲು ಕಾಲ ಹಿಡಿಯುತ್ತದೆ, ಆಳಕ್ಕೆ ತಕ್ಕಂತೆ ಕಾಲ ಹೆಚ್ಚುತ್ತದೆ ಎಂಬ ಪ್ರಶ್ನೆಯನ್ನು ಎತ್ತಿಕೊಂಡದ್ದೇ ಒಂದು ಹಿರಿಮೆ. ಉತ್ತರ ತಪ್ಪಾದ ಮಾತ್ರಕ್ಕೆ ಪ್ರಶ್ನೆ ಸಣ್ಣದಾಗುವುದಿಲ್ಲ.

ಅವರಿಗೆ ತಿಳಿಯದೆ ಇದ್ದುದು ಪ್ರಮಾಣ. ಹಚ್ಚಿದ ಮದ್ದಿನಲ್ಲಿ ಎಷ್ಟು ಪಾಲು ಒಳಗೆ ಹೋಯಿತು, ಒಂದು ಗಂಟೆಗೆ ಎಷ್ಟು ಹೋಯಿತು ಎಂಬುದನ್ನು ತಿಳಿಯುವ ಉಪಾಯ ಅವರಲ್ಲಿ ಇರಲಿಲ್ಲ. ಪ್ಯಾಚಿನ ಜೀವವಿರುವುದು ಈ ‘ಎಷ್ಟು’ ಎಂಬುದರಲ್ಲಿಯೇ.

ಚರ್ಮವು ಬಾಗಿಲೆಂಬುದನ್ನು ಮನುಷ್ಯನಿಗೆ ಮನದಟ್ಟು ಮಾಡಿಕೊಟ್ಟದ್ದು ಔಷಧಕ್ಕಿಂತ ಹೆಚ್ಚಾಗಿ ವಿಷ. ಸುಶ್ರುತನ ಕಲ್ಪಸ್ಥಾನದ ಮೊದಲನೆಯ ಅಧ್ಯಾಯವನ್ನು ತೆರೆದು ನೋಡಬಹುದು. ಅರಸನಿಗೆ ಹಗೆಗಳು ಎಲ್ಲೆಲ್ಲಿ ವಿಷವಿಡಬಹುದು ಎಂಬುದರ ಪಟ್ಟಿಯಲ್ಲಿ ಅನ್ನಪಾನಗಳ ಜೊತೆಗೆ ಅಭ್ಯಂಗದ ಎಣ್ಣೆ, ಮೈಗೆ ತಿಕ್ಕುವ ಪುಡಿ, ಮೀಯುವ ನೀರು, ಅನುಲೇಪನ, ಹೂಮಾಲೆ, ಬಟ್ಟೆ, ಹಾಸಿಗೆ, ಕವಚ, ಆಭರಣ, ಪಾದುಕೆ, ಆನೆ ಕುದುರೆಗಳ ಬೆನ್ನು ಸಹ ಬಂದಿವೆ. ಅರಮನೆಯ ವೈದ್ಯನಿಗೆ ಇದು ಪ್ರಾಣದ ಪ್ರಶ್ನೆ. ಮುದ್ರಾರಾಕ್ಷಸದಲ್ಲಿ ಬರುವ, ಕೆಂಪುನಾರಾಯಣನು ಕನ್ನಡ ಗದ್ಯಕ್ಕೆ ತಂದ ಕಥೆಯ ವಿಷಕನ್ಯೆಯನ್ನು ಇದರ ಜೊತೆ ಸೇರಿಸುವುದು ಸಲ್ಲದು; ಅದು ಕವಿಯ ಸೊತ್ತು. ನಮ್ಮ ಹದಿನಾಲ್ಕನೆಯ ಶತಮಾನದ ಮಂಗರಾಜನು ಸ್ಥಾವರ ಜಂಗಮ ವಿಷಗಳನ್ನು ಕುರಿತು ಕನ್ನಡದಲ್ಲಿ ‘ಖಗೇಂದ್ರಮಣಿದರ್ಪಣ’ವನ್ನು ಬರೆದಾಗ, ಕುಡಿಸುವ ಮದ್ದಿನ ಜೊತೆಗೆ ಅಂಜನ, ನಸ್ಯ, ಲೇಪಗಳಿಗೂ ಎಡೆಗೊಟ್ಟನು. ವಿಷವನ್ನು ಕುರಿತ ಈ ಕಾವ್ಯವನ್ನು ನಮ್ಮವರು ಸಾಹಿತ್ಯಚರಿತ್ರೆಯಲ್ಲಿ ಎರಡು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ವೈದ್ಯರು ಕನ್ನಡ ಓದುವುದಿಲ್ಲ, ಕನ್ನಡ ಓದುವವರು ವೈದ್ಯವನ್ನು ಓದುವುದಿಲ್ಲ. ಇರಲಿ.

ವಿಷ ಮತ್ತು ಔಷಧಗಳ ಎಲ್ಲೆ ಅಳಿಸಿಹೋದ ಪ್ರಸಂಗವೆಂದರೆ ಪಾದರಸದ್ದು. ಹದಿನೈದನೆಯ ಶತಮಾನದ ಕೊನೆಯಲ್ಲಿ ಯೂರೋಪಿನಲ್ಲಿ ಉಪದಂಶ ರೋಗವು ಕಾಡುಗಿಚ್ಚಿನಂತೆ ಹಬ್ಬಿದಾಗ ವೈದ್ಯರು ಪಾದರಸದ ಮುಲಾಮನ್ನು ರೋಗಿಯ ಮೈಗೆ ತಿಕ್ಕಿ, ಬಿಸಿ ಕೋಣೆಗಳಲ್ಲಿ ಬೆವರಿಳಿಸಿದರು. ಜೊಲ್ಲು ಧಾರೆಯಾಗಿ ಸುರಿಯುತ್ತಿತ್ತು, ಹಲ್ಲುಗಳು ಉದುರುತ್ತಿದ್ದುವು. ಹಚ್ಚಿದ್ದು ಮೈಗೆ, ಹಾಳಾದದ್ದು ಬಾಯಿ. ಚರ್ಮದ ಮೂಲಕ ಪದಾರ್ಥವೊಂದು ದೇಹವನ್ನೆಲ್ಲ ವ್ಯಾಪಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಕ್ರೂರವಾದ ಪ್ರಮಾಣ ಬೇಕಿಲ್ಲ. ಹಬೆಯಾಗಿ ಉಸಿರಿನೊಡನೆ ಹೋದ ಪಾಲೂ ಇದ್ದಿರಬೇಕು. ಪರಂಗಿಯವರೊಡನೆ ಆ ರೋಗವು ನಮ್ಮ ದೇಶಕ್ಕೆ ಬಂದಿತು. ಹದಿನಾರನೆಯ ಶತಮಾನದ ಭಾವಮಿಶ್ರನು ತನ್ನ ‘ಭಾವಪ್ರಕಾಶ’ದಲ್ಲಿ ಅದನ್ನು ಫಿರಂಗರೋಗವೆಂದೇ ಕರೆದಿದ್ದಾನೆ. ಅವನು ಹೇಳುವ ಒಂದು ಚಿಕಿತ್ಸೆಯಲ್ಲಿ ರೋಗಿಯು ಪಾದರಸವನ್ನು ಸೊಪ್ಪಿನ ರಸದೊಡನೆ ಎರಡೂ ಅಂಗೈಗಳ ನಡುವೆ, ಅದು ಕಣ್ಣಿಗೆ ಕಾಣದಾಗುವವರೆಗೆ ತಿಕ್ಕಬೇಕು. ಆಮೇಲೆ ಕೈಗಳಿಗೆ ಶಾಖ ಕೊಟ್ಟು ಬೆವರಿಸಬೇಕು. ತಿಕ್ಕುವುದು, ಆ ಮೇಲೆ ಕಾಯಿಸುವುದು — ಈ ಕ್ರಮವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಬಿನ್ನಹ.

ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ವೈದ್ಯರಿಗೆ ಚರ್ಮದ ಮೇಲಿನ ತಾಳ್ಮೆ ತೀರಿತು. ಮಾರ್ಫಿನ್ ದೊರೆತಿತ್ತು, ಅದನ್ನು ಒಳಗೆ ಬೇಗ ಸೇರಿಸಬೇಕಾಗಿತ್ತು. ಫ್ರಾನ್ಸಿನಲ್ಲಿ ಕೆಲವರು ಔಷಧದಿಂದ ಚರ್ಮದ ಮೇಲೆ ಬೊಕ್ಕೆ ಎಬ್ಬಿಸಿ, ಮೇಲ್ಪೊರೆಯನ್ನು ಕಿತ್ತು, ಹಸಿಯ ಮೇಲೆ ಮಾರ್ಫಿನ್ ಪುಡಿಯನ್ನು ಉದುರಿಸಿದರು. ೧೮೩೬ರಲ್ಲಿ ಲಫಾರ್ಗ್ ಎಂಬವನು ಚೂಪಾದ ಅಲಗನ್ನು ಮಾರ್ಫಿನ್ನಿನಲ್ಲಿ ಅದ್ದಿ ಚುಚ್ಚಿದನು. ೧೮೪೪ರಲ್ಲಿ ಡಬ್ಲಿನ್ನಿನ ಫ್ರಾನ್ಸಿಸ್ ರಿಂಡ್ ಟೊಳ್ಳಾದ ಸೂಜಿಯಿಂದ ಚರ್ಮದಡಿಗೆ ಮದ್ದನ್ನು ಇಳಿಸಿದನು. ೧೮೫೩ರಲ್ಲಿ ಎಡಿನ್‌ಬರೋದ ಅಲೆಗ್ಸಾಂಡರ್ ವುಡ್ ಪಿಚಕಾರಿಯನ್ನು ಬಳಸಿದನು. ಅದೇ ವರ್ಷ ಲಿಯೋನಿನ ಪ್ರವಾಜ್ ತನ್ನ ಪಿಚಕಾರಿಯನ್ನು ಬೇರೊಂದು ಕಾರ್ಯಕ್ಕಾಗಿ ರಚಿಸಿದನು. ಚುಚ್ಚಿದ ಮಾರ್ಫಿನ್ ನೋವಿರುವ ಸ್ಥಳದಲ್ಲಿಯೇ ಕೆಲಸಮಾಡುತ್ತದೆಂದು ವುಡ್ ನಂಬಿದ್ದನು. ಎಲ್ಲಿ ಚುಚ್ಚಿದರೂ ಫಲ ಒಂದೇ, ಏಕೆಂದರೆ ಮದ್ದು ರಕ್ತದ ಮೂಲಕ ಹೋಗುತ್ತದೆ ಎಂದು ೧೮೫೮ರಲ್ಲಿ ತೋರಿಸಿದವನು ಲಂಡನ್ನಿನ ಚಾರ್ಲ್ಸ್ ಹಂಟರ್. ಸೂಜಿ ಬಂದ ಬಳಿಕ ಚರ್ಮವು ಬಾಗಿಲಾಗಿ ಉಳಿಯಲಿಲ್ಲ, ತೂತು ಕೊರೆಯಬೇಕಾದ ಗೋಡೆಯಾಯಿತು. ೧೮೭೭ರಲ್ಲಿ ಫ್ಲೈಷರ್ ಎಂಬ ಜರ್ಮನ್ ಪಂಡಿತನು ಮನುಷ್ಯನ ಚರ್ಮವು ಯಾವುದನ್ನೂ, ಅನಿಲವನ್ನು ಸಹ, ಒಳಗೆ ಬಿಡುವುದಿಲ್ಲವೆಂದು ತೀರ್ಪಿತ್ತನು.

ಈ ತೀರ್ಪು ಬಂದ ಒಂಬತ್ತು ವರ್ಷಗಳಲ್ಲಿ, ೧೮೮೬ರಲ್ಲಿ, ಆಗತಾನೆ ಹುಟ್ಟಿದ ಕೂಸುಗಳು ಇದ್ದಕ್ಕಿದ್ದಂತೆ ನೀಲಿಗಟ್ಟಿದ ವೃತ್ತಾಂತವನ್ನು ರೇನರ್ ಎಂಬ ವೈದ್ಯನು ಬ್ರಿಟಿಷ್ ವೈದ್ಯಪತ್ರಿಕೆಯಲ್ಲಿ ಬರೆದನು. ಕೂಸುಗಳಿಗೆ ಹೊದಿಸಿದ ಬಟ್ಟೆಗಳ ಮೇಲೆ ಗುರುತಿಗಾಗಿ ಒತ್ತಿದ ಮುದ್ರೆಯ ಶಾಯಿಯಲ್ಲಿ ಅನಿಲಿನ್ ಎಂಬ ರಾಸಾಯನಿಕವಿತ್ತು. ಅದು ಎಳೆಯ ಚರ್ಮವನ್ನು ದಾಟಿ ರಕ್ತವನ್ನು ಕೆಡಿಸಿತ್ತು. ಅಭೇದ್ಯವೆಂದು ಪಂಡಿತನು ಸಾರಿದ ಗೋಡೆಯನ್ನು ಒಂದು ರಬ್ಬರ್ ಮೊಹರಿನ ಶಾಯಿ ದಾಟಿತು. ಕಛೇರಿಯಲ್ಲಿ ದಿನವೂ ಮೊಹರು ಒತ್ತುವ ನನ್ನಂಥವನಿಗೆ ಈ ಸಂಗತಿ ಓದಿದಾಗ ಕೈಬೆರಳುಗಳನ್ನು ನೋಡಿಕೊಳ್ಳಬೇಕೆನಿಸಿತು.

ಎರಡು ಪಕ್ಷಗಳನ್ನೂ ಒಂದು ನೆಲೆಗೆ ತಂದ ಕೀರ್ತಿ ೧೯೦೪ರ ಷ್ವೆಂಕೆನ್‌ಬೆಚರನ ಪ್ರಯೋಗಗಳದು. ಜಿಡ್ಡಿನಲ್ಲಿ ಕರಗುವ ಪದಾರ್ಥಗಳು ಚರ್ಮವನ್ನು ದಾಟುತ್ತವೆ; ನೀರು, ಉಪ್ಪುಗಳು ಅಷ್ಟಾಗಿ ದಾಟಲಾರವು. ೧೯೪೪ರಲ್ಲಿ ವಿನ್ಸರ್ ಮತ್ತು ಬರ್ಚ್ ಎಂಬವರು ಚರ್ಮದ ಮೇಲ್ಪದರವನ್ನು ಮರಳುಕಾಗದದಿಂದ ತಿಕ್ಕಿ ತೆಗೆದು, ನಿಜವಾದ ತಡೆ ಇರುವುದು ಆ ಸತ್ತ ಪದರದಲ್ಲಿಯೇ ಎಂದು ತೋರಿಸಿದರು. ಒಂದು ಮಿಲಿಮೀಟರಿನ ನೂರರಲ್ಲೊಂದು ಪಾಲು, ಹೆಚ್ಚೆಂದರೆ ಎರಡು ಪಾಲು ದಪ್ಪದ ಈ ಪದರದಲ್ಲಿ ಸತ್ತ ಜೀವಕೋಶಗಳು ಇಟ್ಟಿಗೆಗಳಂತೆ ಒತ್ತಾಗಿ ಕೂಡಿವೆ. ಅವುಗಳ ನಡುವಣ ಕೊಬ್ಬಿನಂಶ ಗಾರೆಯಂತೆ. ಮದ್ದಿನ ಅಣುವು ಈ ಗಾರೆಯ ಸಂದಿನಲ್ಲಿ ನುಸುಳಬೇಕು. ಅಣುಭಾರ ೫೦೦ ಡಾಲ್ಟನ್ನುಗಳನ್ನು ಮೀರಿದರೆ ನುಸುಳುವುದು ಕಷ್ಟ. ೫,೮೦೦ರಷ್ಟು ಭಾರದ ಇನ್ಸುಲಿನ್ನನ್ನು ಮಧುಮೇಹಿಗಳು ಇಂದಿಗೂ ಚುಚ್ಚಿಕೊಳ್ಳಬೇಕಾಗಿ ಬಂದಿರುವುದು ಇದೇ ಕಾರಣದಿಂದ.

ಸುಶ್ರುತನು ಹೇಳಿದ ರೋಮಕೂಪದ ದಾರಿ ಏನಾಯಿತು? ಅದು ಸುಳ್ಳಲ್ಲ. ೧೯೬೦ರ ದಶಕದಲ್ಲಿ ಅಮೆರಿಕದ ಷ್ಯೂಪ್ಲೈನ್ ಮಾಡಿದ ವಿವೇಚನೆಯ ಪ್ರಕಾರ, ಮೊದಲ ಗಳಿಗೆಗಳಲ್ಲಿ ಕೂದಲ ಕುಳಿ ಬೆವರಿನ ನಾಳಗಳ ಮೂಲಕ ಒಂದಿಷ್ಟು ಪದಾರ್ಥ ಒಳಗೆ ಹೋಗುತ್ತದೆ. ಆದರೆ ಈ ಬಾಯಿಗಳೆಲ್ಲ ಸೇರಿ ಚರ್ಮದ ವಿಸ್ತಾರದ ಸಾವಿರದಲ್ಲೊಂದು ಪಾಲಿನಷ್ಟು ಮಾತ್ರ. ಕಾಲ ಕಳೆದಂತೆ ಹೆಚ್ಚಿನ ಪಾಲು ಹೋಗುವುದು ಇಟ್ಟಿಗೆಗಳ ಸಂದಿನಿಂದ. ಕಣ್ಣಿಗೆ ಕಾಣುವ ರಂಧ್ರವನ್ನು ಪ್ರಾಚೀನರು ದಾರಿಯೆಂದು ತಿಳಿದುದು ಸಹಜ. ನಿಜವಾದ ಹೆದ್ದಾರಿ ಕಣ್ಣಿಗೆ ಕಾಣದಂಥದು.

ಈ ಸಿದ್ಧಾಂತಗಳೆಲ್ಲ ಪ್ರಯೋಗಶಾಲೆಯಲ್ಲಿ ಬೆಳೆಯುತ್ತಿದ್ದಾಗ ಕಾರ್ಖಾನೆಯ ಕೂಲಿಗಾರರು ಇನ್ನೊಂದು ಪಾಠವನ್ನು ಕಲಿಯುತ್ತಿದ್ದರು. ನೈಟ್ರೊಗ್ಲಿಸರಿನ್ ಎಂಬ ಸ್ಫೋಟಕವನ್ನು ೧೮೪೭ರಲ್ಲಿ ಟ್ಯೂರಿನ್ನಿನ ಸೊಬ್ರೇರೊ ಕಂಡುಹಿಡಿದನು. ಅದನ್ನು ಪಳಗಿಸಿ ಡೈನಮೈಟಾಗಿ ಮಾರಿದವನು ನೊಬೆಲ್. ೧೮೭೯ರಲ್ಲಿ ಲಂಡನ್ನಿನ ಮರೆಲ್ ಅದನ್ನೇ ಎದೆಬೇನೆಗೆ ಮದ್ದೆಂದು ಪ್ರಕಟಿಸಿದನು. ೧೮೯೬ರಲ್ಲಿ, ತನ್ನ ಕೊನೆಯ ದಿನಗಳಲ್ಲಿ, ನೊಬೆಲ್ಲನಿಗೇ ವೈದ್ಯರು ಅದನ್ನು ಬರೆದುಕೊಟ್ಟರು. ಕಾರ್ಖಾನೆಗಳಲ್ಲಿ ಈ ದ್ರವವನ್ನು ಮುಟ್ಟುವ ಕೂಲಿಗಾರರಿಗೆ ಸೋಮವಾರ ಬಂದರೆ ತಲೆ ಸಿಡಿಯುವಂಥ ನೋವು. ವಾರದ ನಡುವೆ ದೇಹ ಅದಕ್ಕೆ ಒಗ್ಗಿಕೊಳ್ಳುವುದು, ನೋವು ಇಳಿಯುವುದು. ಭಾನುವಾರದ ರಜೆಯಲ್ಲಿ ಆ ಒಗ್ಗುವಿಕೆ ಕಳೆದುಹೋಗುವುದು. ಆದ್ದರಿಂದ ಕೆಲವರು ರಜೆಯ ದಿನವೂ ತಮ್ಮ ಟೋಪಿಯ ಒಳಪಟ್ಟಿಗೆ ಒಂದಿಷ್ಟು ನೈಟ್ರೊಗ್ಲಿಸರಿನ್ ಸವರಿಕೊಳ್ಳುತ್ತಿದ್ದರು! ಲೋಕದ ಮೊತ್ತಮೊದಲ ನೈಟ್ರೊಗ್ಲಿಸರಿನ್ ಪಟ್ಟಿಯನ್ನು ತಯಾರಿಸಿದವರು ವಿಜ್ಞಾನಿಗಳಲ್ಲ, ತಲೆನೋವಿಗೆ ಅಂಜಿದ ಈ ಕೂಲಿಗಾರರು ಎಂದರೆ ಅತಿಶಯೋಕ್ತಿಯಾಗಲಾರದು. ೧೯೫೦ರ ದಶಕದಲ್ಲಿ ಅದು ಎದೆಬೇನೆಯವರಿಗೆ ಮುಲಾಮಾಗಿ ಬಂದಿತು. ಕಾಗದದ ಮೇಲೆ ಅಂಗುಲದ ಲೆಕ್ಕದಲ್ಲಿ ಹಿಂಡಿ ಎದೆಗೆ ಹಚ್ಚಿಕೊಳ್ಳಬೇಕು. ೧೯೮೧ರಲ್ಲಿ ಅದು ದಿನಕ್ಕೊಂದರಂತೆ ಅಂಟಿಸುವ ಪಟ್ಟಿಯಾಯಿತು. ಕೆಲವು ವರ್ಷಗಳಲ್ಲಿಯೇ ವೈದ್ಯರು ಕಂಡದ್ದೇನು? ಇಪ್ಪತ್ತನಾಲ್ಕು ಗಂಟೆಯೂ ಪಟ್ಟಿಯಿದ್ದರೆ ದೇಹ ಒಗ್ಗಿಹೋಗಿ ಔಷಧ ಫಲಿಸುವುದಿಲ್ಲ. ರಾತ್ರಿ ಅದನ್ನು ತೆಗೆದಿಡಬೇಕು. ಸೋಮವಾರದ ತಲೆನೋವಿನಲ್ಲಿ ಅಡಗಿದ್ದ ಸತ್ಯವೇ ಇದು. ಲೇಪವನ್ನು ರಾತ್ರಿ ಹಚ್ಚಬಾರದೆಂದ ಸುಶ್ರುತನ ವಿಧಿಗೂ ಇದಕ್ಕೂ ಗಂಟುಹಾಕಲು ಯಾರಾದರೂ ಹೊರಟಾರು, ದಯವಿಟ್ಟು ಹಾಕಬಾರದು. ಆ ನಿಷೇಧಕ್ಕೆ ಅವನು ಕೊಟ್ಟ ಕಾರಣವೇ ಬೇರೆ, ಲೇಪದ ತಂಪಿನಿಂದ ಒಳಗಿನ ಶಾಖ ಹೊರಬರದೆ ಉಳಿಯುತ್ತದೆಂಬುದು.

ಮುಂಬಯಿಯ ವಾಚಕರಿಗೆ ಇಲ್ಲಿ ಒಂದು ಮನೆಯ ಮಾತು. ೧೮೯೩ರಲ್ಲಿ ಕಾಶೀನಾಥುನಿ ನಾಗೇಶ್ವರರಾಯರು ಅಮೃತಾಂಜನವನ್ನು ಆರಂಭಿಸಿದ್ದು ಈ ನಗರದಲ್ಲಿಯೇ. ಅದು ಮದರಾಸಿಗೆ ಹೋದದ್ದು ೧೯೧೪ರಲ್ಲಿ. ಇಂಥ ನೋವಿನ ಮುಲಾಮುಗಳಲ್ಲಿರುವ ಮೀಥೈಲ್ ಸ್ಯಾಲಿಸಿಲೇಟ್ ಎಂಬುದು ಚರ್ಮವನ್ನು ಸುಲಭವಾಗಿ ದಾಟುವ ಪದಾರ್ಥ. ಹಳದಿ ಸೀಸೆಯನ್ನು ಬೆರಳಿನಿಂದ ಬಳಿದು ಹಣೆಗೆ ಸವರಿಕೊಂಡ ನಮ್ಮ ಹಿರಿಯರು ಈ ಶಾಸ್ತ್ರದ ಹೆಸರು ಕೇಳದೆಯೇ ಅದರ ಪ್ರಯೋಗವನ್ನು ನಡೆಸಿದರು.

ಈಗ ಪ್ಯಾಚಿನ ಜನ್ಮವೃತ್ತಾಂತ. ಅಲೆಹಾಂದ್ರೊ ಝಾಫರೋನಿಯು ೧೯೨೩ರಲ್ಲಿ ಉರುಗ್ವೆಯ ಮಾಂಟೆವಿಡಿಯೊದಲ್ಲಿ ಹುಟ್ಟಿದವನು. ಮೆಕ್ಸಿಕೋದಲ್ಲಿ ಹಾರ್ಮೋನುಗಳನ್ನು ತಯಾರಿಸುವ ಸಂಸ್ಥೆಯಲ್ಲಿ ದುಡಿದು ಹೆಸರು ಮಾಡಿದನು. ಗ್ರಂಥಿಗಳು ಹಾರ್ಮೋನನ್ನು ತೊಟ್ಟುತೊಟ್ಟಾಗಿ ಎಡೆಬಿಡದೆ ರಕ್ತಕ್ಕೆ ಕೊಡುತ್ತವೆ; ಹಾಗಿರುವಾಗ ವೈದ್ಯನೇಕೆ ಮದ್ದನ್ನು ಒಮ್ಮೆಲೆ ಗುಡ್ಡೆಹಾಕಿ ಕೊಡಬೇಕು? ಈ ಪ್ರಶ್ನೆ ಅವನನ್ನು ಹಿಡಿಯಿತು. ಗುಳಿಗೆಯೆಂದರೆ ಒಟ್ಟು ಸಾಲವನ್ನು ಒಂದೇ ದಿನ ಕೈಗಿಟ್ಟಂತೆ. ಮೊದಲ ದಿನ ದುಂದು, ಕೊನೆಯ ದಿನ ಉಪವಾಸ. ಝಾಫರೋನಿಗೆ ಬೇಕಾಗಿದ್ದುದು ಕಂತು. ೧೯೬೮ರಲ್ಲಿ ಅವನು ಕ್ಯಾಲಿಫೋರ್ನಿಯದಲ್ಲಿ ತನ್ನ ಹೆಸರಿನ ಮೊದಲಕ್ಷರಗಳಿಂದ ‘ಆಲ್ಜಾ’ ಎಂಬ ಸಂಸ್ಥೆಯನ್ನು ಕಟ್ಟಿದನು. ಅಲ್ಲಿ ಜೇನ್ ಷಾ, ಅಲನ್ ಮೈಕೆಲ್ಸ್, ಚಂದ್ರಶೇಖರನ್ ಮೊದಲಾದವರು ಮನುಷ್ಯಚರ್ಮದ ತುಣುಕುಗಳ ಮೂಲಕ ಸ್ಕೊಪೊಲಮೀನ್ ಎಂಬ ಮದ್ದು ಎಷ್ಟು ವೇಗದಲ್ಲಿ ದಾಟುತ್ತದೆಂಬುದನ್ನು ಅಳೆದರು. ಚರ್ಮವು ಮೈಯ ಎಲ್ಲ ಕಡೆಯೂ ಒಂದೇ ಬಗೆಯಲ್ಲ. ಕಿವಿಯ ಹಿಂದಿನ ಚರ್ಮ ಹೆಚ್ಚು ಉದಾರಿ. ೧೯೭೯ರ ಕೊನೆಯಲ್ಲಿ ಅಮೆರಿಕದ ಸರಕಾರವು ಒಪ್ಪಿಗೆಯಿತ್ತ ಈ ಮೊದಲನೆಯ ಪಟ್ಟಿಯು ಕಿರುಬಿಲ್ಲೆಯ ಗಾತ್ರದ್ದು. ಅದರಲ್ಲಿರುವ ಒಂದೂವರೆ ಮಿಲಿಗ್ರಾಂ ಮದ್ದಿನಲ್ಲಿ ಸುಮಾರು ಒಂದು ಮಿಲಿಗ್ರಾಂ ಮೂರು ದಿನಗಳಲ್ಲಿ ಒಳಗಿಳಿಯುತ್ತದೆ. ಮದ್ದಿನ ಕೋಶಕ್ಕೂ ಚರ್ಮಕ್ಕೂ ನಡುವೆ ಒಂದು ತೆಳುಪೊರೆಯನ್ನಿಟ್ಟು, ಚರ್ಮ ಎಷ್ಟೇ ಆತುರಪಟ್ಟರೂ ಪೊರೆ ಬಿಟ್ಟಷ್ಟೇ ಮದ್ದು ಹೊರಬರುವಂತೆ ಮಾಡಿದ್ದರಲ್ಲಿ ಈ ರಚನೆಯ ಜಾಣ್ಮೆಯೆಲ್ಲ ಅಡಗಿದೆ.

ಸ್ಕೊಪೊಲಮೀನ್ ನಮಗೆ ಅಪರಿಚಿತವಲ್ಲ. ಬೇಲಿಯ ಬದಿಯಲ್ಲಿ ಬೆಳೆಯುವ ಉಮ್ಮತ್ತಿಯಲ್ಲಿ ಅದಿದೆ. ನಮ್ಮ ಹಳ್ಳಿಗಳಲ್ಲಿ ಉಮ್ಮತ್ತಿಯ ಎಲೆಗೆ ಹರಳೆಣ್ಣೆ ಸವರಿ, ಕೆಂಡದ ಮೇಲೆ ಬಾಡಿಸಿ, ಊದಿದ ಕೀಲಿಗೆ ಕಟ್ಟುವುದುಂಟು. ಎಲೆಯೂ ಪಟ್ಟಿಯೇ, ಎಣ್ಣೆಯು ದಾರಿಯನ್ನು ಮೆದುಗೊಳಿಸುವ ಜಿಡ್ಡು, ಶಾಖವು ವೇಗವನ್ನು ಹೆಚ್ಚಿಸುವ ಉಪಾಯ. ಇಲ್ಲದಿದ್ದುದು ಆ ತೆಳುಪೊರೆ ಒಂದೇ. ಎಲೆಯಿಂದ ಎಷ್ಟು ಹೋದೀತೆಂಬುದು ಗಿಡದ ಪ್ರಾಯ, ಕೆಂಡದ ಕಾವು, ಕಟ್ಟಿದವರ ಕೈ, ಕಟ್ಟಿಸಿಕೊಂಡವರ ಚರ್ಮ — ಇವೆಲ್ಲವುಗಳ ಪಾಲಿನದು.

ನಿಕೊಟಿನ್ ಪಟ್ಟಿಯ ಕಥೆಯೂ ಹೊಲದಿಂದಲೇ ಬಂದುದು. ಒದ್ದೆಯಾದ ಹೊಗೆಸೊಪ್ಪನ್ನು ಕೊಯ್ಯುವ ಕೂಲಿಗಾರರಿಗೆ ವಾಂತಿ, ತಲೆಸುತ್ತು ಬರುವುದುಂಟು. ಎಲೆಯ ನಿಕೊಟಿನ್ ಅವರ ಚರ್ಮವನ್ನು ದಾಟುತ್ತದೆ. ಇದನ್ನು ತಿಳಿದ ಲಾಸ್ ಏಂಜಲೀಸಿನ ಮರ್ರಿ ಜಾರ್ವಿಕ್ ಮತ್ತು ಜೆಡ್ ರೋಸ್ ಎಂಬವರು ಪರೀಕ್ಷೆಗೆ ಬೇರೆ ಜನ ದೊರೆಯದೆ ತಮ್ಮ ಚರ್ಮದ ಮೇಲೆಯೇ ನಿಕೊಟಿನ್ ಹಚ್ಚಿಕೊಂಡು ನೋಡಿದರು. ಧೂಮಪಾನವನ್ನು ಬಿಡಿಸುವ ಪಟ್ಟಿ ೧೯೯೧ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು.

ಅದಕ್ಕೆ ಒಂದು ವರ್ಷ ಮೊದಲು, ೧೯೯೦ರಲ್ಲಿ, ಬಂದುದು ಫೆಂಟನಿಲ್ ಪಟ್ಟಿ. ಬೆಲ್ಜಿಯಮ್ಮಿನ ಪಾಲ್ ಯಾನ್ಸೆನ್‌ನ ಪ್ರಯೋಗಶಾಲೆಯಲ್ಲಿ ಹುಟ್ಟಿದ ಫೆಂಟನಿಲ್ ಮಾರ್ಫಿನ್ನಿಗಿಂತ ಅನೇಕ ಪಾಲು ತೀಕ್ಷ್ಣವಾದ ನೋವುನಿವಾರಕ. ಅಣು ಚಿಕ್ಕದು, ಜಿಡ್ಡಿನಲ್ಲಿ ಕರಗುವಂಥದು, ಬೇಕಾದ ಪ್ರಮಾಣ ಅತ್ಯಲ್ಪ. ಚರ್ಮದ ದಾರಿಗೆ ಹೇಳಿಮಾಡಿಸಿದಂತಿದೆ. ಮೊದಲೇ ಹೇಳುತ್ತೇನೆಂದ ಕಾರಣ ಇಲ್ಲಿ ಬಂದಿತು. ನನ್ನ ತಾಯಿಗೆ ಗಂಟಲಿನ ಕ್ಯಾನ್ಸರ್ ಆಗಿತ್ತು. ನುಂಗುವುದು ಸಾಧ್ಯವಿಲ್ಲದಾದಾಗ ವೈದ್ಯರು ಮೂರು ದಿನಕ್ಕೊಮ್ಮೆ ಬದಲಿಸುವ ಫೆಂಟನಿಲ್ ಪಟ್ಟಿಯನ್ನು ಕೊಟ್ಟರು. ಆಸ್ಪತ್ರೆಯಲ್ಲಿ ಕೊಟ್ಟ ಸೂಚನೆಯ ಹಾಳೆ ಇಂಗ್ಲಿಷಿನಲ್ಲಿತ್ತು. ನಾನು ಓದಿ, ಮಡಿಸಿ, ಕಪಾಟಿನಲ್ಲಿಟ್ಟೆ. ಹುಬ್ಬಳ್ಳಿಯಿಂದ ನನ್ನ ಮಾವಶಿ, ಅವ್ವನ ತಂಗಿ, ಆರೈಕೆಗೆ ಬಂದಿದ್ದಳು. ನಾನು ಕಛೇರಿಯಿಂದ ಬರುವ ಹೊತ್ತಿಗೆ ಅವಳು ಉಪ್ಪನ್ನು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ, ಅವ್ವನ ಭುಜದ ಮೇಲೆ, ಪಟ್ಟಿಯ ಮೇಲೆಯೇ, ಶಾಖ ಕೊಡುತ್ತಿದ್ದಳು. “ಯಾಕ ಮಾವಶಿ?” ಎಂದೆ. “ಕಾವು ಕೊಟ್ರ ಔಷಧ ಛಲೋ ಒಳಗ ಇಳೀತೈತಿ, ತಮ್ಮಾ. ನೋವು ಲಗೂ ಹೋಗ್ತೈತಿ” ಎಂದಳು.

ಅವಳ ಮಾತು ಅಕ್ಷರಶಃ ನಿಜವಾಗಿತ್ತು. ಶಾಖದಿಂದ ಚರ್ಮದ ತಡೆ ಸಡಿಲವಾಗುತ್ತದೆ, ಅದರಡಿಯ ರಕ್ತಸಂಚಾರ ಹೆಚ್ಚುತ್ತದೆ, ಪಟ್ಟಿಯಿಂದ ಮದ್ದು ನಿಗದಿಗಿಂತ ಬೇಗ ಇಳಿಯುತ್ತದೆ. ಕಪಾಟಿನಲ್ಲಿದ್ದ ಹಾಳೆಯಲ್ಲಿ ಬಿಸಿನೀರಿನ ಚೀಲವನ್ನು ಪಟ್ಟಿಯ ಬಳಿ ಇಡಕೂಡದೆಂದು ಬರೆದದ್ದೂ ಇದಕ್ಕಾಗಿಯೇ. ಅವ್ವ ಕರೆದರೆ ಏಳದಂಥ ನಿದ್ದೆಯಲ್ಲಿದ್ದಳು, ಉಸಿರು ನಿಧಾನವಾಗಿತ್ತು. ಪಟ್ಟಿಯನ್ನು ಕಿತ್ತು ಆಸ್ಪತ್ರೆಗೆ ಒಯ್ದೆವು. ಕಿತ್ತ ಮಾತ್ರಕ್ಕೆ ಮುಗಿಯುವುದಿಲ್ಲ, ಚರ್ಮದಲ್ಲಿ ಕೂ‌ಡಿಟ್ಟ ಮದ್ದು ಇನ್ನೂ ಒಳಗೆ ಹೋಗುತ್ತಲೇ ಇರುತ್ತದೆ, ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯಲು ಸುಮಾರು ಹದಿನೇಳು ಗಂಟೆಗಳು ಬೇಕು ಎಂದು ಅಲ್ಲಿಯ ವೈದ್ಯರು ಹೇಳಿದರು. ಆ ರಾತ್ರಿಯೂ ಮರುದಿನವೂ ಅವಳ ಉಸಿರನ್ನು ಎಣಿಸುತ್ತ ಕುಳಿತೆವು. ಅವ್ವ ಎಚ್ಚರಗೊಂಡಳು, ಆಮೇಲೆ ನಾಲ್ಕು ತಿಂಗಳು ಬದುಕಿದ್ದಳು. ಮಾವಶಿ ಇಂದಿಗೂ ಆ ದಿನದ ಮಾತೆತ್ತಿದರೆ ಕಣ್ಣೀರು ತರುತ್ತಾಳೆ. ತಪ್ಪು ಅವಳದಲ್ಲ, ಹಾಳೆಯನ್ನು ಓದಿ ಮಡಿಸಿಟ್ಟವನದು.

ತಿಕ್ಕಿದ ಮೇಲೆ ಬೆವರಿಳಿಸೆಂದ ಭಾವಮಿಶ್ರನ ವಿಧಿಯೂ, ಉಮ್ಮತ್ತಿಯ ಎಲೆಯನ್ನು ಬಾಡಿಸಿ ಕಟ್ಟುವ ಹಳ್ಳಿಯ ರೂಢಿಯೂ, ನನ್ನ ಮಾವಶಿಯ ಉಪ್ಪಿನ ಗಂಟೂ ಒಂದೇ ಜ್ಞಾನದ ಮಾತುಗಳು. ಮದ್ದು ಹೆಚ್ಚು ಹೋಗಲಿ, ಬೇಗ ಹೋಗಲಿ ಎಂಬುದು ಆ ಜ್ಞಾನದ ಬಯಕೆ. ಏಕೆಂದರೆ ಅವರ ಕೈಯಲ್ಲಿದ್ದ ಬಹುತೇಕ ಮದ್ದುಗಳು ಮಂದವಾದವು, ಬಾಗಿಲು ಬಿಗಿಯಾದುದು. ಪ್ಯಾಚಿನ ಜ್ಞಾನ ಇದಕ್ಕೆ ನೇರ ವಿರುದ್ಧವಾದುದು. ಮದ್ದು ಇಷ್ಟಕ್ಕಿಂತ ಹೆಚ್ಚು ಹೋಗದಿರಲಿ ಎಂಬ ಎಚ್ಚರವೇ ಅದರ ತಿರುಳು. ಅಂದಿನ ಉಪನ್ಯಾಸಕರ ಮಾತನ್ನು ನಾನು ಒಪ್ಪಲಾರದೆ ಹೋದುದು ಈ ಕಾರಣದಿಂದ. ಬಾಗಿಲುಂಟೆಂದು ಸುಶ್ರುತನಿಗೆ ತಿಳಿದಿತ್ತು. ಅಳತೆಯ ಪೊರೆ ಅವನ ಕಾಲದಲ್ಲಿ ಇರಲಿಲ್ಲ. ಇವೆರಡನ್ನೂ ಒಂದೇ ಎಂದು ವೇದಿಕೆಯ ಮೇಲೆ ಹೇಳುವುದು ಸುಲಭ, ಆದರೆ ಅದನ್ನು ನಂಬಿ ಮನೆಗೆ ಹೋದವರು ಪಟ್ಟಿಯ ಮೇಲೆ ಶಾಖ ಕೊಟ್ಟಾರು.

ಆ ಸೂಚನೆಯ ಹಾಳೆಯನ್ನು ನಾನು ಮಾವಶಿ ಓದಬಲ್ಲ ಕನ್ನಡದಲ್ಲಿ ಬರೆದು ಅಡುಗೆಮನೆಯ ಕಪಾಟಿನ ಬಾಗಿಲಿಗೆ ಅಂಟಿಸಿದ್ದೆ: ಹೊಸದನ್ನು ಅಂಟಿಸುವ ಮುನ್ನ ಹಳೆಯದನ್ನು ತೆಗೆಯತಕ್ಕದ್ದು; ಕಾವು ಕೊಡಕೂಡದು; ತೆಗೆದ ಪಟ್ಟಿಯನ್ನು ಅಂಟಿನ ಬದಿ ಒಳಗಾಗಿ ಮಡಿಸಿ ಮಕ್ಕಳ ಕೈಗೆ ಸಿಗದಂತೆ ಬಿಸಾಡತಕ್ಕದ್ದು; ಬೇಗ ಅಸರ ಆಗದಿದ್ದರೆ ಗಾಬರಿ ಬೇಡ, ಮೊದಲ ಸಲ ಅರ್ಧ ದಿನಕ್ಕಿಂತ ಹೆಚ್ಚು ಹಿಡಿಯುತ್ತದೆ. ಸುಶ್ರುತನ ಲೇಪವಿಧಿಯನ್ನು ಓದಿ ಬಹಳ ದಿನಗಳಾಗದಿದ್ದುದರಿಂದ ಇರಬೇಕು, ವಾಕ್ಯಗಳು ಸ್ವಲ್ಪ ಸೂತ್ರಗಳಂತೆ ಬಂದಿದ್ದುವು. ಮಾವಶಿ ಅದನ್ನು ಗಟ್ಟಿಯಾಗಿ ಎರಡು ಸಲ ಓದಿ, “ಇದನ್ನ ಮೊದಲೇ ಹಚ್ಚಿದ್ದರ?” ಎಂದಳು.